ಮಣ್ಣಿನಲ್ಲಿ ಮೂಡಿದ ಮೈ: ಆನಾ ಮೆಂಡಿಯೆಟಾ ಕಲೆಯನ್ನು ನೋಡುವ ಬಗೆ

ಪರ್ಫಾರ್ಮೆನ್ಸ್ ಆರ್ಟ್‌ಗೆ ಹೊಸಬರಾದವರು ಯಾರಿಂದ ಶುರು ಮಾಡಬೇಕೆಂದು ಕೇಳಿದರೆ ನಾನು ಆನಾ ಮೆಂಡಿಯೆಟಾ ಹೆಸರು ಹೇಳುತ್ತೇನೆ. 1948ರಲ್ಲಿ ಹವಾನಾದಲ್ಲಿ ಹುಟ್ಟಿದ ಇವರನ್ನು 1961ರಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಅಕ್ಕನ ಜೊತೆ ಅಮೆರಿಕಕ್ಕೆ ಕಳಿಸಲಾಯಿತು. ಕ್ರಾಂತಿಯ ನಂತರ ಹೆತ್ತವರನ್ನು ಬಿಟ್ಟು ಕ್ಯೂಬಾದಿಂದ ಹೊರಟ ಸಾವಿರಾರು ಮಕ್ಕಳಲ್ಲಿ ಇವರಿಬ್ಬರೂ ಇದ್ದರು. ಅಯೋವಾದ ಅನಾಥಾಲಯದಲ್ಲಿ, ಪರರ ಮನೆಗಳಲ್ಲಿ ಬೆಳೆದರು. ಊರು ಕಳೆದುಕೊಂಡ ಈ ಸಂಕಟವೇ ಅವರ ಕಲೆಯ ಬೇರು.

ಮೊದಲು ಮೈ ನೋಡಿ. 1973ರಲ್ಲಿ ಮೆಕ್ಸಿಕೋದ ಯಾಗುಲ್‌ನಲ್ಲಿ, ಹಳೆಯ ಝಾಪೊಟೆಕ್ ಗೋರಿಯೊಳಗೆ ಅವರು ಬತ್ತಲೆ ಮಲಗಿದರು. ಮೈತುಂಬ ಬಿಳಿ ಹೂ. ಹೂವು ಮುಖವನ್ನು ಮರೆಮಾಡಿದೆ. ಗಿಡ ಮೈಯಿಂದಲೇ ಚಿಗುರಿದಂತಿದೆ. ಇದು ಹೆಣವೋ, ಮೊಳಕೆಯೋ? ಉತ್ತರಕ್ಕೆ ಅವಸರ ಮಾಡಬೇಡಿ. ಎರಡನ್ನೂ ಒಟ್ಟಿಗೆ ಕಾಣುವುದೇ ಇಲ್ಲಿ ರಸಾನುಭವ.

ಆಮೇಲೆ ಅಚ್ಚು ನೋಡಿ. ಇಲ್ಲಿಂದ ಶುರುವಾದ 'ಸಿಲುಯೆಟಾ' ಸರಣಿ 1980ರವರೆಗೆ ಅಯೋವಾ, ಮೆಕ್ಸಿಕೋಗಳಲ್ಲಿ ನಡೆಯಿತು. ಬರಬರುತ್ತಾ ಮೈ ಮರೆಯಾಗಿ ಅದರ ಆಕಾರವಷ್ಟೇ ಉಳಿಯುತ್ತದೆ. ಮಣ್ಣು, ಹುಲ್ಲು, ಹೂ, ಸಿಡಿಮದ್ದು, ಬೆಂಕಿ: ಪ್ರತಿ ಚಿತ್ರದಲ್ಲೂ ಅಚ್ಚು ಯಾವುದರಿಂದ ಆಗಿದೆ, ಅದು ಎಷ್ಟು ಹೊತ್ತು ಉಳಿದೀತು ಎಂದು ಕೇಳಿಕೊಳ್ಳಿ. ಅಚ್ಚಿನ ಉದ್ದ ಒಬ್ಬ ಹೆಂಗಸಿನ ಎತ್ತರದಷ್ಟೇ. ಬಯಲಿನ ನಡುವೆ ಅದು ಎಷ್ಟು ಚಿಕ್ಕದು ಎಂಬುದನ್ನೂ ಗಮನಿಸಿ.

ಅಳಿಯುವುದನ್ನು ನೋಡಿ. 1976ರಲ್ಲಿ ಮೆಕ್ಸಿಕೋದ ಲಾ ವೆಂಟೋಸಾ ಕಡಲತೀರದ ಮರಳಿನಲ್ಲಿ ಆಕೃತಿ ತೋಡಿ, ಕೆಂಪು ಬಣ್ಣದ ಪುಡಿ ತುಂಬಿದರು. ಅಲೆ ಬಂತು, ಅಂಚು ಕರಗಿತು, ಕೆಂಪು ನೀರಿಗೆ ಬೆರೆಯಿತು. ಇದರ ಫೋಟೋಗಳನ್ನು ಒಂದಾದ ಮೇಲೊಂದರಂತೆ, ಕ್ರಮವಾಗಿ ನೋಡಿ. ಒಂದನ್ನೇ ನೋಡಿದರೆ ಕೃತಿ ಕೈಗೆ ಸಿಗುವುದಿಲ್ಲ, ಏಕೆಂದರೆ ಇಲ್ಲಿ ಕಡಲೂ ಕಲಾವಿದೆಯ ಪಾಲುದಾರ. ಸೂಪರ್ 8 ಫಿಲ್ಮಿನಲ್ಲಿ ಅವರು ತೆಗೆದ ಕಿರುಚಿತ್ರಗಳು ಸಿಕ್ಕರೆ ಇನ್ನೂ ಒಳ್ಳೆಯದು.

ಕೊನೆಗೆ ಬದುಕು ಓದಿ. 1980ರಲ್ಲಿ ಕ್ಯೂಬಾಕ್ಕೆ ಮತ್ತೆ ಹೋದ ಮೆಂಡಿಯೆಟಾ, 1981ರಲ್ಲಿ ಹರೂಕೋದ ಸುಣ್ಣಕಲ್ಲಿನ ಗುಹೆಗಳಲ್ಲಿ ಸ್ತ್ರೀರೂಪಗಳನ್ನು ಕೆತ್ತಿದರು. ಮೂಲನಿವಾಸಿ ತೈನೋ ಜನರ ದೇವತೆಗಳ ಹೆಸರನ್ನು ಅವಕ್ಕೆ ಇಟ್ಟರು. 1985ರಲ್ಲಿ, 36ನೇ ವಯಸ್ಸಿಗೆ, ನ್ಯೂಯಾರ್ಕಿನಲ್ಲಿ ಕಟ್ಟಡದಿಂದ ಬಿದ್ದು ತೀರಿಕೊಂಡರು. ಆ ಸಾವಿನ ಮುನ್ಸೂಚನೆಯನ್ನೇ ಪ್ರತಿ ಚಿತ್ರದಲ್ಲಿ ಹುಡುಕುವವರಿದ್ದಾರೆ. ದಯವಿಟ್ಟು ಹಾಗೆ ನೋಡಬೇಡಿ. ಮನುಷ್ಯನ ಮೈ ಅಳಿಯುವಂಥದ್ದು ಎಂಬುದನ್ನು ಅವರು ಸೋಲೆಂದು ತೋರಿಸಲಿಲ್ಲ. ನೆಲದೊಂದಿಗೆ ನಮಗಿರುವ ನಂಟೆಂದು ತೋರಿಸಿದರು. ಅವರ ಹಿರಿಮೆ ಇರುವುದು ಅಲ್ಲಿ.