‘ಅಪ್ಪಾ’ ಎಂದು ಕರೆದ ದೊರೆ

ಅರಕೇರಾದ ಕಡೆಯಿಂದ ಹೊರಟು ತಿಂಥಣಿ ಸೇತುವೆಯಲ್ಲಿ ಕೃಷ್ಣೆ ದಾಟಿದರೆ ಸುರಪುರ ಏನು ಮಹಾ ದೂರ. ನಮ್ಮ ಕಡೆ ಅಲ್ಲಿನ ದೊರೆ ರಾಜಾ ವೆಂಕಟಪ್ಪ ನಾಯಕರ ಹೆಸರೆತ್ತಿದರೆ ಮಾತು ನೇರ ಬ್ರಿಟಿಷರ ವಿರುದ್ಧದ 1858ರ ದಂಗೆಗೆ ಹೋಗುತ್ತದೆ. ಸೋಜಿಗವೆಂದರೆ, ಈ ದೊರೆಯ ಬಗ್ಗೆ ಅತಿ ಆಪ್ತವಾಗಿ ಬರೆದಿಟ್ಟವನು, ದೊರೆ ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್. ಅವನ ಆತ್ಮಕಥೆ ‘ದಿ ಸ್ಟೋರಿ ಆಫ್ ಮೈ ಲೈಫ್’ ಅವನು ಸತ್ತ ಮೇಲೆ, 1877ರಲ್ಲಿ ಅಚ್ಚಾಯಿತು.

ಪುಸ್ತಕದ ಜೀವವಿರುವುದು ಸೆರೆಮನೆಯ ಭೇಟಿಯಲ್ಲಿ. ಏಳರ ಪ್ರಾಯದಿಂದ ಟೇಲರನನ್ನು ‘ಅಪ್ಪಾ’ ಎನ್ನುತ್ತಿದ್ದ ಹುಡುಗ ಈಗ ದಂಗೆಯ ಆರೋಪಿ. ಕಂಡೊಡನೆ ತಬ್ಬಿಕೊಂಡು ಅಳುತ್ತಾನೆ. ಆದರೆ ಹೈದರಾಬಾದಿನ ಬ್ರಿಟಿಷ್ ರೆಸಿಡೆಂಟನ ಮುಂದೆ ಜೀವ ಬೇಡಲು ಒಲ್ಲೆನೆನ್ನುತ್ತಾನೆ. ಕಳ್ಳನಂತೆ ನೇಣಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿರಿ ಎಂಬುದಷ್ಟೇ ಅವನ ಬೇಡಿಕೆ. ಅಳುವೂ ಹಟವೂ ಒಂದೇ ಉಸಿರಿನಲ್ಲಿ. ಇಲ್ಲಿ ಟೇಲರ್ ಸುಳ್ಳಾಡುತ್ತಿಲ್ಲ ಅನ್ನಿಸುತ್ತದೆ.

ಬೇರೆಡೆ ಹಾಗನ್ನಿಸುವುದಿಲ್ಲ. ರಾಜನ ತಾಯಿ ರಾಣಿ ಈಶ್ವರಮ್ಮನನ್ನು ಅವನು ಚಿತ್ರಿಸುವ ಬಗೆಯಲ್ಲಿ ಅಧಿಕಾರ ಕಿತ್ತುಕೊಂಡವನ ಸಮಜಾಯಿಷಿ ಇಣುಕುತ್ತದೆ. 1853ರಲ್ಲಿ ಸಂಸ್ಥಾನವನ್ನು ರಾಜನಿಗೆ ಒಪ್ಪಿಸಿ ಅವನು ನಳದುರ್ಗಕ್ಕೆ ಹೋದ. ಅಲ್ಲಿಂದಾಚೆ ರಾಜನ ಆಳ್ವಿಕೆ ಸಾಲ, ಕುಡಿತ, ಕೆಟ್ಟ ಸಹವಾಸ ಎಂದು ಬರೆಯುತ್ತಾನೆ. ಕಣ್ಣಾರೆ ಕಂಡದ್ದೆಷ್ಟು, ಕಿವಿಗೆ ಬಿದ್ದದ್ದೆಷ್ಟು? ತಾನು ಇದ್ದಾಗ ಎಲ್ಲ ನೆಟ್ಟಗಿತ್ತು, ಹೋದ ಮೇಲೆ ಹಾಳಾಯಿತು ಎನ್ನುವ ಲೆಕ್ಕ ಯಾವ ಅಧಿಕಾರಿಗೆ ಬೇಡ! ರಾಜ ತಾನಾಗಿಯೇ ಯೋಚಿಸಿ ತಿರುಗಿಬಿದ್ದಿರಬಹುದು ಎಂಬುದು ಟೇಲರನಿಗೆ ಹೊಳೆಯುವುದೇ ಇಲ್ಲ. ಅವನ ಪಾಲಿಗೆ ಇವನು ಯಾರೋ ಕೆಡಿಸಿದ ಮಗು.

ಜಾತಕದ ಪ್ರಸಂಗವಂತೂ ಕಾದಂಬರಿಕಾರನ ಕೈಚಳಕ. ರಾಜ ಇಪ್ಪತ್ನಾಲ್ಕನೆಯ ವರ್ಷ ದಾಟುವುದಿಲ್ಲ ಎಂಬ ಮಾತನ್ನು ಮೊದಲೇ ಓದುಗನ ಕಿವಿಯಲ್ಲಿ ಹಾಕಿಡುತ್ತಾನೆ. ಮರಣದಂಡನೆ ಕರಿನೀರಿಗಿಳಿದು, ಕೊನೆಗೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಯಾದಾಗ ಜಾತಕ ಸುಳ್ಳಾಯಿತೆಂದುಕೊಳ್ಳುತ್ತೇವೆ. ಅಷ್ಟರಲ್ಲಿ ದಾರಿಯಲ್ಲೇ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ರಾಜ ಸತ್ತ ಸುದ್ದಿ. ವಿಧಿಯ ಹೆಸರು ಹೇಳಿದರೆ ಸರಕಾರದ ಹೊಣೆ ಹಗುರಾಗುತ್ತದೆ.

ನಮ್ಮ ಭಾಷಣಗಳೂ ಕಡಿಮೆಯೇನಲ್ಲ. ಅಲ್ಲಿ ವೆಂಕಟಪ್ಪ ನಾಯಕರು ಕುದುರೆಯಿಂದ ಇಳಿಯುವುದೇ ಇಲ್ಲ, ಅಳುವುದು ದೂರದ ಮಾತು. ಸುರಪುರದ ಗುಡ್ಡದ ಮೇಲಿನ ಬಂಗಲೆಯನ್ನು ಜನ ಈಗಲೂ ಟೇಲರ್ ಮಂಜಿಲ್ ಎಂದೇ ಕರೆಯುತ್ತಾರೆ.