ವಕ್ತೃವಿನ ಹೆಸರು, ದೃಶ್ಯದ ಸಂದರ್ಭ

ಜಾನಪದ ಅಧ್ಯಯನದ ವಿದ್ಯಾರ್ಥಿ ಪ್ರಬಂಧಗಳಲ್ಲಿ ಮುದ್ರಿತ ಗ್ರಂಥಗಳಿಗೆ ಲೇಖಕ, ಪ್ರಕಾಶಕ, ವರ್ಷ, ಪುಟಗಳ ವಿವರ ಸಾಮಾನ್ಯವಾಗಿ ದೊರೆಯುತ್ತದೆ. ಹಾಡಿದವರ ಪಾಲಿಗೆ ಮಾತ್ರ ‘ಕ್ಷೇತ್ರಕಾರ್ಯದಿಂದ’ ಎಂಬ ಒಂದೇ ಪದ ಉಳಿಯುವುದುಂಟು. ಛಾಯಾಚಿತ್ರಕ್ಕೆ ‘ಭೂತಾರಾಧನೆಯ ಒಂದು ದೃಶ್ಯ’ ಎಂಬ ಅಡಿಬರಹವೇ ಸಾಕೆನಿಸುತ್ತದೆ. ಇದು ಕೇವಲ ಶಿಸ್ತಿನ ಲೋಪವಲ್ಲ. ಪಠ್ಯದ ಕರ್ತೃತ್ವವನ್ನು ಕುರಿತ ನಿಲುವೂ ಹೌದು.

ಈ ನಿಲುವಿಗೆ ಹಿನ್ನೆಲೆಯಿದೆ. ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ತನ್ನ ಶೀರ್ಷಿಕೆಯಲ್ಲಿಯೇ ಹಾಡುಗಾರ್ತಿಯರನ್ನು ಸಮೂಹವಾಗಿ ಗುರುತಿಸುತ್ತದೆ. ಜನಪದ ಸಾಹಿತ್ಯ ಅನಾಮಿಕವೆಂಬ ಅಂದಿನ ಗ್ರಹಿಕೆಗೆ ಅದು ಸಹಜವಾಗಿತ್ತು. ಫಿನ್ಲೆಂಡಿನ ಲೌರಿ ಹಾಂಕೋ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ, ಅನ್ನೇಲಿ ಹಾಂಕೋ ಅವರೊಡನೆ ತುಳು ‘ಸಿರಿ’ ಮಹಾಕಾವ್ಯವನ್ನು 1998ರಲ್ಲಿ ಪ್ರಕಟಿಸಿದಾಗ, ಗಾಯಕ ಗೋಪಾಲ ನಾಯ್ಕರ ಹೆಸರು ಶೀರ್ಷಿಕೆಯಲ್ಲಿಯೇ ಸೇರಿತು. ಅಲ್ಲಿನ 15,683 ಸಾಲುಗಳು ಸಿರಿ ಜಾತ್ರೆಯಲ್ಲಿ ಕೇಳಿದವಲ್ಲ; 1990ರ ಡಿಸೆಂಬರಿನಲ್ಲಿ ದಾಖಲೀಕರಣಕ್ಕೆಂದೇ ಹಾಡಿದವು. ಈ ಸಂಗತಿಯನ್ನು ಕೈಬಿಟ್ಟು ಉಲ್ಲೇಖಿಸಿದರೆ ಆಚರಣೆಯೊಳಗಿನ ಪಠ್ಯಕ್ಕೂ ಇದಕ್ಕೂ ಇರುವ ಅಂತರ ಅಳಿಸಿಹೋಗುತ್ತದೆ. ಉಲ್ಲೇಖ ನಿಖರವಾಗಿದ್ದರೂ ತೀರ್ಮಾನ ತಪ್ಪುತ್ತದೆ.

ದೃಶ್ಯಗಳಿಗೂ ಇದೇ ಮಾತು ಸಲ್ಲುತ್ತದೆ. ಸ್ಥಳ, ದಿನಾಂಕ, ಕಲಾವಿದ, ಛಾಯಾಗ್ರಾಹಕ ಇವರ ವಿವರದೊಂದಿಗೆ, ಚಿತ್ರ ಆಚರಣೆಯ ವೇಳೆಯದೋ ಕ್ಯಾಮೆರಾಕ್ಕಾಗಿ ವೇಷ ತೊಟ್ಟದ್ದೋ ಎಂಬುದೂ ದಾಖಲಾಗಬೇಕು. ಬೇರೆ ಗ್ರಂಥದಿಂದ ಪಡೆದ ಚಿತ್ರವಾದರೆ ಆಕರದ ಪುಟ, ಅನುಮತಿಗಳನ್ನು ಚಿತ್ರದಡಿಯಲ್ಲಿಯೇ ನಮೂದಿಸುವುದು ಯುಕ್ತ. ಹೆಸರು ಬೇಡವೆಂದ ವಕ್ತೃವಿನ ಇಚ್ಛೆಯನ್ನು ಗೌರವಿಸಿ, ಅದನ್ನೂ ದಾಖಲಿಸಬೇಕು. ಕೇಳದೆ ಬಿಟ್ಟ ಹೆಸರಿಗೂ ಕೇಳಿ ಮರೆಮಾಡಿದ ಹೆಸರಿಗೂ ವ್ಯತ್ಯಾಸವಿದೆ. ಮುಂದಿನ ಸಂಶೋಧಕ ಅದೇ ಹಾಡಿನ ಬಳಿಗೆ ಮರಳಲು ಇರುವ ದಾರಿ ಈ ವಿವರಗಳೇ.