ದೋಣಿಗೆ ತೂತು ಕೊರೆಯುವ ಮುನ್ನ

ಕೆನಡಾದ ಉತ್ತರ ಒಂಟಾರಿಯೊದಲ್ಲಿ ಮೂಸ್ ಎಂಬ ದೊಡ್ಡ ಜಿಂಕೆಯ ಬೇಟೆಯ ಕಾಲ ಬಂತೆಂದರೆ ಎಂಟು ಚಕ್ರದ ಆರ್ಗೋ ಬಂಡಿಗಳು ಶೆಡ್ಡಿನಿಂದ ಹೊರಬೀಳುತ್ತವೆ. ನೋಡಲು ದೊಡ್ಡ ಸ್ನಾನದ ತೊಟ್ಟಿಗೆ ಚಕ್ರ ಜೋಡಿಸಿದ ಹಾಗೆ. ಈ ಬಂಡಿ ಗಟ್ಟಿ ನೆಲದಲ್ಲಿ ಓಡುತ್ತದೆ, ಜೌಗಿನಲ್ಲಿ ತೆವಳುತ್ತದೆ, ಕೆರೆ ಎದುರಾದರೆ ನಿಲ್ಲದೆ ಇಳಿದು ತೇಲುತ್ತದೆ. ನೀರಿನಲ್ಲಿ ಟೈರಿನ ಹಲ್ಲುಗಳೇ ಅದಕ್ಕೆ ಹುಟ್ಟು. ವೇಗ ಗಂಟೆಗೆ ನಾಲ್ಕೈದು ಕಿ.ಮೀ., ಅಂದರೆ ಮನುಷ್ಯ ನಡೆದಷ್ಟೇ.

ಪರೀಕ್ಷೆ ಎದುರಾಗುವುದು ಆಚೆ ದಡದಲ್ಲಿ. ಮುಂದಿನ ಎರಡು ಚಕ್ರ ದಡದ ಕೆಸರಿಗೆ ತಾಗಿರುತ್ತವೆ, ಹಿಂದಿನ ಆರು ಇನ್ನೂ ನೀರಿನಲ್ಲೇ ತೇಲುತ್ತಿರುತ್ತವೆ. ತೇಲುವ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು? ಎಂಜಿನ್ ಅಬ್ಬರಿಸುತ್ತದೆ, ಮುಂದಿನ ಚಕ್ರಗಳು ಕೆಸರನ್ನು ಬಗೆದು ಹಳ್ಳ ಮಾಡುತ್ತವೆ, ಬಂಡಿ ಇದ್ದಲ್ಲೇ ಇರುತ್ತದೆ. ಆಗ ಮೂತಿಯಲ್ಲಿರುವ ವಿಂಚ್ ಎಂಬ ಎಳೆಯುವ ಯಂತ್ರದಿಂದ ಹಗ್ಗ ಬಿಚ್ಚಿ, ದಡದ ಮರಕ್ಕೆ ಅಗಲವಾದ ಪಟ್ಟಿ ಸುತ್ತಿ, ಕೊಂಡಿ ಸಿಕ್ಕಿಸಿ ಗುಂಡಿ ಒತ್ತಬೇಕು. ವಿಂಚ್ ಗುರುಗುಟ್ಟುತ್ತಾ ಬಂಡಿಯನ್ನು ಅಂಗುಲ ಅಂಗುಲವಾಗಿ ಮೇಲಕ್ಕೆ ತರುತ್ತದೆ. ಉಭಯಚರ ಬಂಡಿಗೆ ಜೋಡಿಸಬಹುದಾದ ಸಾಮಾನುಗಳಲ್ಲೆಲ್ಲ ಮೊದಲ ಸ್ಥಾನ ವಿಂಚ್‌ಗೇ ಸಲ್ಲಬೇಕು.

ಇಂಥ ಬಂಡಿಗಳ ತವರು ಒಂಟಾರಿಯೊ ಪ್ರಾಂತ್ಯವೇ. 1960ರ ದಶಕದ ಆರಂಭದಲ್ಲಿ ಜೈಗರ್ ಎಂಬ ಆರು ಚಕ್ರದ ಪುಟ್ಟ ಬಂಡಿ ಅಲ್ಲಿ ಹುಟ್ಟಿತು. ನ್ಯೂ ಹ್ಯಾಂಬರ್ಗ್ ಎಂಬ ಸಣ್ಣ ಊರಿನಲ್ಲಿ 1962ರಲ್ಲಿ ಶುರುವಾದ ಒಂಟಾರಿಯೊ ಡ್ರೈವ್ ಅಂಡ್ ಗೇರ್ ಕಂಪನಿ 1967ರಲ್ಲಿ ಮೊದಲ ಆರ್ಗೋವನ್ನು ಹೊರತಂದಿತು.

ಕೊಡಗು, ಸಕಲೇಶಪುರದ ಕಡೆ ಆಫ್‌ರೋಡ್ ಜೀಪುಗಳಿಗೆ ವಿಂಚ್ ಕೂರಿಸುವುದನ್ನು ಕಂಡವರಿಗೆ ಆರ್ಗೋಗೆ ವಿಂಚ್ ಜೋಡಿಸುವುದೇನು ಮಹಾ ಕೆಲಸ ಅನಿಸಬಹುದು. ಜೀಪಿನಲ್ಲಿ ಎರಡು ಉಕ್ಕಿನ ಚಾಸಿ ಕಂಬಿಗಳು ಮುಂದಕ್ಕೆ ಚಾಚಿಕೊಂಡಿರುತ್ತವೆ, ಅವುಗಳ ಮೇಲೆ ಪ್ಲೇಟು, ಪ್ಲೇಟಿನ ಮೇಲೆ ವಿಂಚ್. ಆರ್ಗೋದಲ್ಲಿ ಹಾಗಿಲ್ಲ. ಉಕ್ಕಿನ ಫ್ರೇಮು ಒಡಲಿನ ಒಳಗಿದೆ, ಹೊರಗಿರುವುದು ದಪ್ಪ ಪಾಲಿಎಥಿಲೀನ್ ಚರ್ಮ. ಆ ಚರ್ಮವೇ ದೋಣಿ. ವಿಂಚ್ ಹೊರಗಿರಬೇಕು, ಅದರ ಎಳೆತ ಒಳಗಿನ ಫ್ರೇಮಿಗೆ ಮುಟ್ಟಬೇಕು. ನಡುವೆ ಇರುವ ದೋಣಿಗೆ ತೂತು ಕೊರೆಯದೆ ದಾರಿಯಿಲ್ಲ.

ವಿಂಚ್ ಕೂರಿಸಲು ತಯಾರಕರೇ ಕೊಡುವ ಬ್ರಾಕೆಟ್ ಸಿಕ್ಕರೆ ಅದೇ ಉತ್ತಮ, ಅದಕ್ಕೆಂದೇ ಜಾಗ ಗುರುತಾಗಿರುತ್ತದೆ. ಹಳೆಯ ಬಂಡಿಗೆ ಸಿಗದಿದ್ದಾಗ ವೆಲ್ಡಿಂಗ್ ಅಂಗಡಿಗೆ ಹೋಗಬೇಕಾಗುತ್ತದೆ. ಅಲ್ಲಿ ಎರಡು ಮಾತು ನೆನಪಿರಲಿ. ಪ್ಲಾಸ್ಟಿಕ್ಕಿಗಷ್ಟೇ ಬಿಗಿದ ವಿಂಚ್ ಮೌಂಟ್ ಮೊದಲ ಗಟ್ಟಿ ಎಳೆತಕ್ಕೇ ಚರ್ಮ ಸಮೇತ ಕಿತ್ತು ಬರುತ್ತದೆ, ಪ್ರತಿ ಬೋಲ್ಟೂ ಒಳಗಿನ ಉಕ್ಕನ್ನು ಹಿಡಿಯಲೇಬೇಕು. ಬೋಲ್ಟುಗಳು ಮೇಲೊಂದು ಸಾಲು, ಕೆಳಗೊಂದು ಸಾಲು ಇರಬೇಕು. ದಡದ ಮರ ಎತ್ತರದಲ್ಲಿದ್ದಾಗ ಹಗ್ಗ ಮೂತಿಯನ್ನು ಮೇಲಕ್ಕೂ ಜಗ್ಗುತ್ತದೆ, ಒಂದೇ ಸಾಲಾದರೆ ಪ್ಲೇಟು ಕೀಲಿನ ಹಾಗೆ ಮಡಚಿಕೊಳ್ಳುತ್ತದೆ.

ಇನ್ನು ತೂತಿನ ವಿಷಯ. ಬಹಳ ಜನ ಎಡವುವುದು ಇಲ್ಲೇ. ತೂತು ಕೊರೆದು, ಸುತ್ತ ಸಿಲಿಕೋನ್ ಮೆತ್ತಿ, ಬೋಲ್ಟ್ ಬಿಗಿದು ಮುಗಿಯಿತು ಅಂದುಕೊಳ್ಳುತ್ತಾರೆ. ಪಾಲಿಎಥಿಲೀನಿಗೆ ಸಿಲಿಕೋನ್ ನಿಜವಾಗಿ ಅಂಟುವುದೇ ಇಲ್ಲ. ಒಣಗಿದ ಮೇಲೆ ಅಂಚಿಗೆ ಉಗುರು ಹಾಕಿ ಎಬ್ಬಿಸಿ ನೋಡಿ, ಹಾಲಿನ ಕೆನೆಯ ಹಾಗೆ ಇಡಿಯಾಗಿ ಎದ್ದು ಬರುತ್ತದೆ. ಇಲ್ಲಿ ನೀರು ತಡೆಯುವುದು ಅಂಟಲ್ಲ, ಒತ್ತಡ. ಚರ್ಮಕ್ಕೂ ಪ್ಲೇಟಿಗೂ ನಡುವೆ ದಪ್ಪ ರಬ್ಬರ್ ಗ್ಯಾಸ್ಕೆಟ್ ಬೇಕು.

ಆದರೆ ಒತ್ತಡಕ್ಕೂ ಒಂದು ತೊಡಕಿದೆ. ಬಹಳ ಕಾಲ ಅದುಮಿಟ್ಟ ಈ ಪ್ಲಾಸ್ಟಿಕ್ ನಿಧಾನವಾಗಿ ಹಿಸುಕಿಕೊಂಡು ಜಾರುತ್ತದೆ, ಇವತ್ತು ಬಿಗಿಯಿದ್ದ ಬೋಲ್ಟ್ ಮುಂದಿನ ವರ್ಷ ಸಡಿಲ. ಅದಕ್ಕೆ ಮದ್ದು ಪ್ರತಿ ತೂತಿನಲ್ಲೂ ಒಂದು ಉಕ್ಕಿನ ಬುಷ್. ಬೋಲ್ಟ್ ಆ ಕೊಳವೆಯೊಳಗೆ ಹೋಗುತ್ತದೆ. ಬುಷ್ಷಿನ ಉದ್ದ ಚರ್ಮ ಮತ್ತು ಗ್ಯಾಸ್ಕೆಟ್ ಸೇರಿದ ದಪ್ಪಕ್ಕಿಂತ ತುಸು ಕಡಿಮೆ. ನಟ್ ಬಿಗಿದಾಗ ಹೊರಗಿನ ಪ್ಲೇಟು, ಬುಷ್, ಒಳಗಿನ ಫ್ರೇಮು ಮೂರೂ ಉಕ್ಕಿಗೆ ಉಕ್ಕು ತಾಗಿ ನಿಲ್ಲುತ್ತವೆ, ರಬ್ಬರ್ ಬೇಕಾದಷ್ಟೇ ಅದುಮಿಕೊಳ್ಳುತ್ತದೆ. ಎಳೆತವೆಲ್ಲ ಉಕ್ಕಿನ ಪಾಲು, ಚರ್ಮಕ್ಕೆ ನೀರು ತಡೆಯುವ ಕೆಲಸ ಮಾತ್ರ.

ತೂತು ಬುಷ್ಷಿಗಿಂತ ತುಸು ದೊಡ್ಡದಿರಲಿ. ಪಾಲಿಎಥಿಲೀನ್ ಬಿಸಿಲಿಗೆ ಹಿಗ್ಗುವುದು ಉಕ್ಕಿನ ಸುಮಾರು ಹತ್ತು ಪಟ್ಟು. ಮೈನಸ್ 30 ಡಿಗ್ರಿಯ ಚಳಿಗಾಲದಿಂದ 30 ಡಿಗ್ರಿಯ ಬೇಸಿಗೆಗೆ ಬರುವಷ್ಟರಲ್ಲಿ, ಒಂದಡಿ ದೂರದ ಎರಡು ಬೋಲ್ಟುಗಳ ನಡುವೆ ಚರ್ಮ ಎರಡು ಮಿ.ಮೀ. ಹತ್ತಿರ ಬೆಳೆಯುತ್ತದೆ. ಆಡಲು ಜಾಗವಿಲ್ಲದಿದ್ದರೆ ತೂತಿನ ಅಂಚಿನಿಂದ ಸೀಳು ಬಿಡುತ್ತದೆ. ಹರಿತವಾದ ಬಿಟ್ಟಿನಿಂದ ನಿಧಾನ ಕೊರೆದು, ಅಂಚಿನ ಜುಂಗನ್ನು ಕೆರೆದು ನುಣುಪು ಮಾಡುವುದೂ ಇದೇ ಕಾರಣಕ್ಕೆ.

ಎಷ್ಟು ಶಕ್ತಿಯ ವಿಂಚ್ ಬೇಕು? ಎಂಟು ಚಕ್ರದ ಬಂಡಿ ಖಾಲಿಯಿದ್ದಾಗಲೇ ಅರ್ಧ ಟನ್ನಿನ ಆಸುಪಾಸು ತೂಗುತ್ತದೆ. ಇಬ್ಬರು ಸವಾರರು, ಗಂಟುಮೂಟೆ, ಬೇಟೆಯ ಮಾಂಸ ಸೇರಿ ಒಂದು ಟನ್ ಅಂದುಕೊಳ್ಳಿ. ಒಟ್ಟು ತೂಕದ ಒಂದೂವರೆ ಪಟ್ಟು ಎನ್ನುವುದು ರೂಢಿಯ ಲೆಕ್ಕ. 3,500 ಪೌಂಡಿನ, ಅಂದರೆ ಸುಮಾರು 1,590 ಕೆ.ಜಿ. ಎಳೆಯುವ ವಿಂಚ್ ಅದಕ್ಕೆ ಸರಿಹೊಂದುತ್ತದೆ. ಆದರೆ ಪೆಟ್ಟಿಗೆಯ ಮೇಲೆ ಬರೆದಿರುವುದು ಡ್ರಮ್ಮಿನ ಮೇಲೆ ಹಗ್ಗದ ಒಂದೇ ಸುತ್ತುಪದರ ಉಳಿದಾಗಿನ ಬಲ. ಪದರ ಹೆಚ್ಚಿದಂತೆ ಬಲ ಇಳಿಯುತ್ತದೆ. ಹಗ್ಗವನ್ನು ಉದ್ದಕ್ಕೆ ಬಿಟ್ಟು, ಮರದ ಬಳಿ ರಾಟೆ ಹಾಕಿ, ಕೊಂಡಿಯನ್ನು ಮತ್ತೆ ಬಂಡಿಗೆ ತಂದರೆ ಎಳೆತ ಸರಿಸುಮಾರು ಇಮ್ಮಡಿ. ಆ ಕೊಂಡಿಯನ್ನು ವಿಂಚ್ ಮೌಂಟಿಗೇ ಸಿಕ್ಕಿಸಿದರೆ ಎರಡೂ ಎಳೆಗಳ ಭಾರ ಮೌಂಟಿನ ಮೇಲೇ ಬೀಳುತ್ತದೆ. ಅದಕ್ಕೆ ಫ್ರೇಮಿನಲ್ಲೇ ಬೇರೆ ಕೊಕ್ಕೆ ಇರಬೇಕು.

ತೂಕದ ಕಡೆಗೂ ಗಮನ ಬೇಕು. ವಿಂಚ್, ಪ್ಲೇಟು, ದಪ್ಪ ಕೇಬಲ್ ಸೇರಿ ಇಪ್ಪತ್ತು ಕೆ.ಜಿ. ಮೂತಿಯ ತುದಿಗೆ ಬಿದ್ದರೆ ತೇಲುವಾಗ ಮೂತಿ ಅಷ್ಟು ತಗ್ಗುತ್ತದೆ, ಕಡಿದಾದ ದಡದಿಂದ ನೀರಿಗಿಳಿಯುವಾಗ ಅಲೆ ಒಳಗೆ ನುಗ್ಗಬಹುದು. ಕಳಚಬಹುದಾದ ಮೌಂಟ್ ಮೇಲು ಎನ್ನುವುದು ಇದಕ್ಕೇ. ಮುಂದೊಂದು, ಹಿಂದೊಂದು ಚೌಕ ಕೊಳವೆ ಕೂರಿಸಿ, ವಿಂಚನ್ನು ಪಿನ್ ಹಾಕಿ ಬೇಕಾದ ಕಡೆ ಸಿಕ್ಕಿಸುವ ವ್ಯವಸ್ಥೆಯದು. ಹುದುಲಿನಲ್ಲಿ ಹೂತ ಬಂಡಿಯನ್ನು ಮುಂದಕ್ಕೆ ಎಳೆಯುವುದಕ್ಕಿಂತ ಬಂದ ದಾರಿಗೇ ಹಿಂದಕ್ಕೆ ಎಳೆಯುವುದು ಸಾಮಾನ್ಯವಾಗಿ ಸುಲಭ. ಹಿಂದಿನ ನೆಲ ಒಮ್ಮೆ ಆ ಭಾರ ಹೊತ್ತು ತೋರಿಸಿದೆ.

ವಿದ್ಯುತ್ತಿನ ವಿಷಯ ಚಿಕ್ಕದು. ಭಾರ ಬಿದ್ದಾಗ ವಿಂಚ್ ನೂರು ಆಂಪಿಯರ್ ದಾಟಿ ಕುಡಿಯುತ್ತದೆ, ಎಂಜಿನ್ ಕೊಡುವುದು ಅದರ ಒಂದು ಪಾಲು ಮಾತ್ರ. ಎಂಜಿನ್ ಚಾಲೂ ಇರಲಿ, ವಿಂಚ್ ಸ್ವಲ್ಪ ಎಳೆದ ಮೇಲೆ ಅದಕ್ಕೆ ಸ್ವಲ್ಪ ಬಿಡುವು ಕೊಡಿ. ವಿಂಚ್‌ಗೆ ವಿದ್ಯುತ್ ಹರಿಸುವ ಸ್ವಿಚ್, ಅಂದರೆ ಕಾಂಟ್ಯಾಕ್ಟರ್, ಒಡಲಿನೊಳಗೆ ಎತ್ತರದ ಜಾಗದಲ್ಲಿರಲಿ. ಹಗ್ಗ ಸಿಂಥೆಟಿಕ್ ಆದರೆ ಒಳ್ಳೆಯದು, ಹಗುರ, ನೀರಿನಲ್ಲಿ ತೇಲುತ್ತದೆ, ತುಂಡಾದರೂ ಉಕ್ಕಿನ ಹಗ್ಗದಷ್ಟು ಭೀಕರವಾಗಿ ಬೀಸಿ ಹೊಡೆಯುವುದಿಲ್ಲ.

ಎಲ್ಲ ಬಿಗಿದಾದ ಮೇಲೆ ನೇರ ಕಾಡಿಗೆ ಹೊರಡಬೇಡಿ. ಒಳಗಡೆ ಪ್ರತಿ ಬೋಲ್ಟಿನ ಸುತ್ತ ಸೀಮೆಸುಣ್ಣದ ಪುಡಿ ಬಳಿಯಿರಿ, ಡ್ರೈನ್ ಪ್ಲಗ್ ಹಾಕಿರುವುದನ್ನು ಕೈಯಿಂದ ಮುಟ್ಟಿ ನೋಡಿ, ನಿಂತ ನೀರಿನಲ್ಲಿ ದಡದ ಪಕ್ಕದಲ್ಲೇ ಹತ್ತು ನಿಮಿಷ ತೇಲಿಸಿ. ಒಮ್ಮೆ ಮರಕ್ಕೆ ಕಟ್ಟಿ ಪೂರ್ತಿ ಭಾರದಲ್ಲಿ ಎಳೆಸಿ, ಮತ್ತೆ ಹತ್ತು ನಿಮಿಷ ತೇಲಿಸಿ. ಎರಡನೆಯ ಸಲವೂ ಪುಡಿ ಒಣಗಿಯೇ ಇದ್ದರೆ ಮೌಂಟ್ ಸರಿಯಾಗಿ ಕೂತಿದೆ.